ಕಚೇರಿಯ ಬಿಲ್ಲು ಯಾರ ಕಿಸೆಯಿಂದ?

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಖಾಲಿ ಖೋಲಿಯೊಳಗೆ ಫ್ಯಾನು ತಿರುಗುತ್ತಿದ್ದರೆ ಅವ್ವ ಅಡುಗೆಮನೆಯಿಂದಲೇ ಕೂಗುತ್ತಾಳೆ: “ಗಾಳಿ ಯಾರಿಗೆ ಬೇಕಾಗೇತಿ ಅಲ್ಲಿ? ಬಂದ್ ಮಾಡ್ರೋ!” ಅದೇ ಮನೆಯ ಮಗ ಕಚೇರಿಗೆ ಬಂದು, ಇದ್ದಬದ್ದ ಸ್ವಿಚ್ಚೆಲ್ಲ ಹಾಕಿ, ಹಾಜರಿ ಕೊಟ್ಟು, ಚಹಾಕ್ಕೆ ಹೊರಗೆ ಹೋಗುತ್ತಾನೆ. ಅಲ್ಲಿ ಕೂಗುವವರಿಲ್ಲ. ಮನೆಯ ಹೆಸ್ಕಾಂ ಕರೆಂಟು ಬಿಲ್ಲು ನಮ್ಮ ಕೈಗೇ ಬರುತ್ತದೆ; ಕಚೇರಿಯದು ಲೆಕ್ಕಪತ್ರದವರ ಮೇಜಿಗೆ ಹೋಗಿ ಅಲ್ಲೇ ಫೈಲು ಸೇರುತ್ತದೆ. ಕಚೇರಿಯಲ್ಲಿ ಪರಿಸರದ ಮಾತು ಈ ಬಿಲ್ಲಿನಿಂದಲೇ ಶುರುವಾಗಬೇಕು ಅನ್ನುವವನು ನಾನು. ಜೂನ್ 5ರ ಪರಿಸರ ದಿನಕ್ಕೆ ಅಂಗಳದಲ್ಲಿ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಬೇಡ ಎನ್ನುವುದಿಲ್ಲ. ಮರುವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ ನೆಡುವ ಪಾಳಿ ಬರದಿದ್ದರೆ ಸಾಕು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಹಳೆಯ ನಮೂನೆಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಕರೆಂಟು ತಿನ್ನುತ್ತದೆ. ಈಗ ಬಂದಿರುವ, ಕರೆಂಟು ಉಳಿಸುವ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 30 ವಾಟ್ ಆಸುಪಾಸು ಸಾಕು. 20 ಫ್ಯಾನಿನ ಕಚೇರಿ, ದಿನಕ್ಕೆ 8 ತಾಸು, ತಿಂಗಳಿಗೆ 25 ದಿನ ಎಂದು ಹಿಡಿದರೆ ಉಳಿತಾಯ 180 ಯೂನಿಟ್. ನಮ್ಮ ಕರೆಂಟೆಲ್ಲ ಕಲ್ಲಿದ್ದಲಿನದೇ ಅಲ್ಲ, ಗದಗಿನ ಕಡೆ ಹೋದರೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಆದರೂ ರಾಯಚೂರು, ಬಳ್ಳಾರಿಯ ಸ್ಥಾವರಗಳು ಉರಿಯುವುದು ಕಲ್ಲಿದ್ದಲಿನಿಂದ. ಅಲ್ಲಿ ಒಂದು ಯೂನಿಟ್ಟಿಗೆ ಅರ್ಧ ಕಿಲೊಗಿಂತ ಹೆಚ್ಚೇ ಬೇಕು. ಅಂದರೆ ಆ 180 ಯೂನಿಟ್ ಅಲ್ಲಿಂದ ಬಂದಿದ್ದರೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಕಲ್ಲಿದ್ದಲು ಸುಡುತ್ತಿತ್ತು. ಬರೀ ಫ್ಯಾನಿನ ಲೆಕ್ಕ ಇದು.

ಎಸಿ ಇರುವಲ್ಲಿ ಮಾತು ಬೇರೆ. ಹದಿನೆಂಟಕ್ಕೆ ಇಟ್ಟು, ಸ್ವೆಟರ್ ಹಾಕಿಕೊಂಡು ಕೂತವರನ್ನು ಹುಬ್ಬಳ್ಳಿಯ ಏಪ್ರಿಲ್‌ನಲ್ಲೂ ಕಾಣಬಹುದು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತೆ ಬ್ಯೂರೊ. ಅದಕ್ಕೇ 2020ರಿಂದ ಹೊಸ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತಿವೆ. ಇಳಿಸುವವರು ನಾವು. ಇನ್ನು ಕಂಪ್ಯೂಟರಿನ ಪರದೆಯ ಮೇಲೆ ಮೀನು ಈಜುವ ಚಿತ್ರ ಬಿಟ್ಟು ಎದ್ದುಹೋದರೆ ಏನೂ ಉಳಿಯುವುದಿಲ್ಲ. ಪರದೆ ಆರಿದರಷ್ಟೇ ಉಳಿತಾಯ.

ಧಾರವಾಡದ ಕರ್ನಾಟಕ ಕಾಲೇಜಿನ ಕಲ್ಲಿನ ಕಟ್ಟಡ ನೋಡಿದ್ದೀರಲ್ಲ? ಕಾಲೇಜು ಬರುವ ಮೊದಲು ಅದು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. ಕರೆಂಟಿಲ್ಲದ ಕಾಲದಲ್ಲಿ ಅಷ್ಟು ಜನ ಅಲ್ಲಿ ಹಗಲಿಡೀ ಬರೆದರು, ಎಣಿಸಿದರು. ದಪ್ಪ ಗೋಡೆ, ಎತ್ತರದ ಮಾಡು, ದೊಡ್ಡ ಕಿಟಕಿ: ಅವರಿಗಿದ್ದ ಎಸಿ ಅದು. ನಮ್ಮ ಕಚೇರಿಗಳಿಗೂ ಕಿಟಕಿಗಳಿವೆ. ಆದರೆ ಅವುಗಳಿಗೆ ಆತು ಕಪಾಟು, ಕಪಾಟಿನ ಮೇಲೆ ಹಳೆಯ ಫೈಲಿನ ಗಂಟು. ಬೆಳಕು ಬರುವ ದಾರಿ ಮುಚ್ಚಿ ಮಧ್ಯಾಹ್ನ ಹನ್ನೆರಡಕ್ಕೆ ಲೈಟು ಹಚ್ಚುತ್ತೇವೆ. ಕಪಾಟುಗಳನ್ನು ಒಳಗೋಡೆಗೆ ಸರಿಸಲು ಟೆಂಡರ್ ಕರೆಯಬೇಕಿಲ್ಲ, ನಾಲ್ಕು ಜನ ಕೈಹಚ್ಚಿದರೆ ಆಯಿತು.

ಚಹಾದ ವಿಷಯ ಬರಲೇಬೇಕು, ನಮ್ಮ ಕಡೆ ಚಹಾ ಇಲ್ಲದೆ ಫೈಲು ಮುಂದಕ್ಕೆ ಹೋಗುವುದಿಲ್ಲ. ಪ್ಲಾಸ್ಟಿಕ್ ಲೋಟಕ್ಕೆ ಕರ್ನಾಟಕ 2016ರಲ್ಲೇ ನಿಷೇಧ ಹಾಕಿತು. 2022ರ ಜುಲೈ 1ರಿಂದ ದೇಶವೆಲ್ಲ ನಿಷೇಧ. ಆಮೇಲೆ ಕಾಗದದ ಕಪ್ಪು ಹೆಚ್ಚಾಯಿತು. ಅದರ ಒಳಮೈಗೂ ತೆಳ್ಳಗೆ ಪ್ಲಾಸ್ಟಿಕ್ ಬಳಿದಿರುತ್ತದೆ, ಇಲ್ಲದಿದ್ದರೆ ಚಹಾ ಸೋರಿಹೋಗುತ್ತಿತ್ತು. ಹಾಗಾಗಿ ಅದು ರದ್ದಿಯಾಗಿ ಸುಲಭಕ್ಕೆ ಮರುಬಳಕೆಯಾಗುವುದಿಲ್ಲ. ಪಿಂಗಾಣಿ ಕಪ್ಪು, ಸ್ಟೀಲ್ ಲೋಟ ತನ್ನಿ ಎಂದರೆ ಬರುವ ಮೊದಲ ಪ್ರಶ್ನೆ: ತೊಳೆಯುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ಶಿಪಾಯಿಯ ಕಡೆಗೋ ಕಸ ಹೊಡೆಯುವ ಅಕ್ಕನ ಕಡೆಗೋ ಕೈ ತೋರಿಸುವುದಾದರೆ ಆ ಪರಿಸರಪ್ರೇಮ ನನಗೆ ಬೇಡ. ಕುಡಿದವರೇ ತೊಳೆಯಲಿ, ಸಾಹೇಬರೂ ಸಹ.

ಕಚೇರಿಗೆ ಬಂದುಹೋಗುವುದೂ ಇದೇ ಲೆಕ್ಕದಲ್ಲಿದೆ. ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ನೌಕರಿ, ಇಲ್ಲವೇ ತಿರುಗುಮುರುಗು. ಒಂದು ಲೀಟರ್ ಪೆಟ್ರೋಲ್ ಉರಿದರೆ ಎರಡು ಕಿಲೊಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಬ್ಬರೇ ಕಾರಿನಲ್ಲಿ ಹೋಗಿಬಂದರೆ ಫ್ಯಾನು ಬದಲಿಸಿ ಗಳಿಸಿದ್ದೆಲ್ಲ ಹೆದ್ದಾರಿಯಲ್ಲೇ ಕರಗುತ್ತದೆ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿಗೆ ಬೇರೆಯೇ ದಾರಿ ಇದೆ. ಹೊತ್ತು ಹೊಂದದಿದ್ದರೆ ಒಂದೇ ಓಣಿಯ ಮೂವರು ಒಂದೇ ಕಾರಿನಲ್ಲಿ ಹೋಗಬಹುದು. ಕಚೇರಿಯ ಸುದ್ದಿಯೂ ದಾರಿಯಲ್ಲೇ ಮುಗಿಯುತ್ತದೆ.

ಇನ್ನು ಆ ಬಿಲ್ಲು. ಪ್ರತಿ ತಿಂಗಳು ಹಾಜರಿ ಹಾಕುವ ಜಾಗದ ಎದುರಿಗೇ ಅಂಟಿಸಿ. ಪಕ್ಕದಲ್ಲಿ ಹೋದ ವರ್ಷದ ಇದೇ ತಿಂಗಳಿನದೂ ಇರಲಿ, ಬೇಸಿಗೆಯನ್ನು ಮಳೆಗಾಲದ ಜೊತೆ ಹೋಲಿಸಬೇಡಿ. ಕೊನೆಗೆ ಕೀಲಿ ಹಾಕುವವರು ಯಾರೋ ಅವರ ಹೆಸರಿಗೆ ಸ್ವಿಚ್ಚುಗಳ ಜವಾಬ್ದಾರಿ ಬರೆದಿಡಿ, ಪಾಳಿಯ ಮೇಲೆ. ಬಿಲ್ಲು ಕೇಳಿದಾಗ ಲೆಕ್ಕಪತ್ರದವರು ಮೊದಮೊದಲು ಗೊಣಗುತ್ತಾರೆ. ಅಸಲು ಬೇಡ, ಝೆರಾಕ್ಸ್ ಸಾಕು ಎನ್ನಿ. ಅದೂ ಒಂದು ಮಗ್ಗಲು ಕೋರಾ ಉಳಿದ ಹಳೇ ಹಾಳೆಯ ಮೇಲೆ. ನಮಸ್ಕಾರ.