ಎರಡು ಮನೆ, ಒಂದು ಕುಕ್ಕರ್

ನಮಸ್ಕಾರ. ಟ್ರ್ಯಾಕ್ಟರ್ ಹಿಂದೆ ಟ್ರೈಲರ್ ಮೇಲೆ ಕೂತು ಹೋಗುತ್ತಿದೆಯಲ್ಲ, ಅದು ನಮ್ಮ ಮನೆ. 34 ಅಡಿ ಉದ್ದದ ಹಾಯಿದೋಣಿ. ಹತ್ತು ನಿಮಿಷದ ಹಿಂದೆ ನೀರಿನಲ್ಲಿತ್ತು, ಈಗ ಊರಿನ ರಸ್ತೆ ಮೇಲೆ ಟ್ಯಾಕೊ ಅಂಗಡಿ ದಾಟುತ್ತಿದೆ. ಹೊಟ್ಟೆಯಿಂದ ಇನ್ನೂ ನೀರು ಸೋರುತ್ತಿದೆ ನೋಡಿ. ಅದರ ಹಿಂದೆ ಮೆಲ್ಲಗೆ ಬರುತ್ತಿರುವ ಬಿಳಿ ಟ್ರಕ್ಕು, ಅದೂ ನಮ್ಮ ಮನೆಯೇ. ಓಡಿಸುತ್ತಿರುವವರು ನಮ್ಮ ಯಜಮಾನರು. ನಾನು ಫೋನ್ ಹಿಡಿದುಕೊಂಡು ಪಕ್ಕದಲ್ಲಿ ಓಡುತ್ತಿದ್ದೇನೆ, ಅದಕ್ಕೇ ವಿಡಿಯೋ ಇಷ್ಟೊಂದು ಕುಲುಕುತ್ತಿದೆ. ಸ್ವಲ್ಪ ಸಹಿಸಿಕೊಳ್ಳಿ.

ಇದು ಸಾನ್ ಕಾರ್ಲೊಸ್. ಮೆಕ್ಸಿಕೊದ ಸೊನೋರಾ ರಾಜ್ಯದಲ್ಲಿ, ಗ್ವಾಯ್ಮಾಸ್ ಪಟ್ಟಣದ ಪಕ್ಕ. ಹಿಂದೆ ಜೋಡಿ ಕೋಡಿನ ಬೆಟ್ಟ ಕಾಣುತ್ತಿದೆಯಲ್ಲ, ಅದು ತೆತಾಕಾವಿ. ವರ್ಷಕ್ಕೆ ಎರಡು ಸಲ ನಾವು ಇಲ್ಲಿ ಮನೆ ಬದಲಾಯಿಸುತ್ತೇವೆ. ಡಿಸೆಂಬರ್‌ನಲ್ಲಿ ಟ್ರಕ್ಕಿನಿಂದ ದೋಣಿಗೆ, ಮೇ ಕೊನೆಗೆ ದೋಣಿಯಿಂದ ಟ್ರಕ್ಕಿಗೆ. ಬಾಡಿಗೆ ಮನೆ ಇಲ್ಲ, ಸ್ವಂತ ಮನೆಯೂ ಇಲ್ಲ. ಅಮೆರಿಕದಲ್ಲಿದ್ದ ಅಪಾರ್ಟ್‌ಮೆಂಟ್ ಬಿಟ್ಟು ಮೂರು ವರ್ಷ ಆಯಿತು.

ಅರಸೀಕೆರೆಯಲ್ಲಿರುವ ನಮ್ಮ ಅಮ್ಮ ಫೋನ್ ಎತ್ತಿದ ಕೂಡಲೇ ಕೇಳುವುದು ಒಂದೇ ಮಾತು: "ಈಗ ಯಾವ ಮನೇಲಿದ್ದೀಯೇ?" ಉಪ್ಪಿನಕಾಯಿ ಕಳಿಸುವುದಕ್ಕೆ ವಿಳಾಸ ಬೇಕಲ್ಲ! ವಿಳಾಸ ಅಂತ ಒಂದಿದೆ, ಅಮೆರಿಕದ ಸೌತ್ ಡಕೋಟಾದಲ್ಲಿ. ಆ ರಾಜ್ಯದಲ್ಲಿ ನಮ್ಮಂಥ ಅಲೆಮಾರಿಗಳು ಒಂದು ರಾತ್ರಿ ತಂಗಿದ ರಸೀದಿ ತೋರಿಸಿದರೆ ಡ್ರೈವಿಂಗ್ ಲೈಸೆನ್ಸ್ ಸಿಗುತ್ತದೆ. ಅಂಚೆ ತೆಗೆದಿಟ್ಟು ನಾವಿದ್ದಲ್ಲಿಗೆ ಕಳಿಸುವ ಕಂಪನಿಗಳೂ ಇವೆ. ಆದರೆ ಅಲ್ಲಿಗೆ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸಿದರೆ ಅದು ನಮ್ಮ ಬಾಯಿಗೆ ಬರುವಷ್ಟರಲ್ಲಿ ಇನ್ನೊಂದು ಮಾವಿನ ಸೀಸನ್ ಬಂದಿರುತ್ತದೆ.

ಯಾಕೆ ಎರಡು ಮನೆ? ಒಂದೇ ಸಾಲದಾ? ಇದನ್ನು ಅಮ್ಮನಿಗೆ ಅರ್ಥ ಮಾಡಿಸಲು ನನಗೆ ಇವತ್ತಿಗೂ ಆಗಿಲ್ಲ. ಕುಂದಾಪುರದ ನಮ್ಮ ಅತ್ತೆಗೆ ಮಾತ್ರ ಒಂದೇ ಮಾತಿಗೆ ಅರ್ಥವಾಯಿತು. ಮಳೆಗಾಲದಲ್ಲಿ ದೋಣಿ ಮೇಲೆ ಎಳೆಯದೆ ಯಾರಾದರೂ ನೀರಲ್ಲೇ ಬಿಡುತ್ತಾರಾ ಅಂದರು. ಅಷ್ಟೇ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಬಂದರೆ ಮೀನುಗಾರಿಕೆ ಬಂದ್, ದೋಣಿಗಳೆಲ್ಲ ದಡದಲ್ಲಿ ಮಡಲಿನ ಕೆಳಗೆ. ಇಲ್ಲಿ ಅದೇ ಲೆಕ್ಕ, ಮಳೆಯ ಬದಲು ಚಂಡಮಾರುತ. ಪೆಸಿಫಿಕ್ ಸಾಗರದ ಈ ಬದಿಯಲ್ಲಿ ಮೇ 15ರಿಂದ ನವೆಂಬರ್ 30ರವರೆಗೆ ಅದರ ಕಾಲ. 2014ರ ಸೆಪ್ಟೆಂಬರ್‌ನಲ್ಲಿ ಓಡಿಲ್ ಅನ್ನುವ ಚಂಡಮಾರುತ ಬಾಹಾ ಕ್ಯಾಲಿಫೋರ್ನಿಯಾದ ತುದಿಗೆ ಅಪ್ಪಳಿಸಿತ್ತು. ನಮ್ಮ ಎದುರು ದಡದಲ್ಲಿರುವ ಮೆಕ್ಸಿಕೊದ ಉದ್ದನೆಯ ಪರ್ಯಾಯ ದ್ವೀಪ ಅದು, ಲಾ ಪಾಸ್ ಊರು ಇರುವುದೂ ಅಲ್ಲೇ. ಲಾ ಪಾಸ್ ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿದ್ದ ಎಷ್ಟೋ ದೋಣಿಗಳು ಮುಳುಗಿದವು, ದಡಕ್ಕೆ ಬಿದ್ದವು, ಜೀವಗಳೂ ಹೋದವು. ಲಾ ಪಾಸ್‌ನಲ್ಲಿ ಹಳಬರ ಜೊತೆ ಕಾಫಿಗೆ ಕೂತರೆ ಇವತ್ತೂ ಅದೇ ಮಾತು. ನಮ್ಮ ವಿಮೆಯ ಕಾಗದದಲ್ಲಂತೂ ಬರೆದೇ ಇದೆ, ಜೂನ್ 1ರ ಹೊತ್ತಿಗೆ ದೋಣಿ 27 ಡಿಗ್ರಿ ಅಕ್ಷಾಂಶಕ್ಕಿಂತ ಮೇಲಿರಬೇಕು ಅಂತ. ಸಾನ್ ಕಾರ್ಲೊಸ್ ಇರುವುದು ಹೆಚ್ಚುಕಡಿಮೆ 28ರಲ್ಲಿ.

ಇನ್ನೊಂದು ಕಾರಣ ಇಷ್ಟು ರೋಚಕವಲ್ಲ, ಆದರೆ ಅದೂ ಗಟ್ಟಿ ಕಾರಣವೇ. ನಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್, ಜೊತೆಗೆ ಅಮೆರಿಕದ ಗ್ರೀನ್ ಕಾರ್ಡ್. ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೊಗೆ ವೀಸಾ ಬೇಡ, 180 ದಿನದವರೆಗೆ ಇರಲು ಬಿಡುತ್ತಾರೆ. ಆದರೆ ಒಂದೇ ಸಲಕ್ಕೆ ಆರು ತಿಂಗಳಿಗಿಂತ ಜಾಸ್ತಿ ಅಮೆರಿಕದ ಹೊರಗಿದ್ದರೆ ಮುಂದೆ ಪೌರತ್ವದ ಲೆಕ್ಕಕ್ಕೆ ತೊಡಕಾಗಬಹುದು. ಹಾಗಾಗಿ ಎಲ್ಲ ಬಿಟ್ಟು ಹಾರಿಹೋದ ಹಕ್ಕಿಗಳು ಅಂತ ಯಾರಾದರೂ ನಮ್ಮನ್ನು ಹೊಗಳಿದರೆ ನನಗೆ ನಗು ಬರುತ್ತದೆ. ಈ ಹಕ್ಕಿಗಳ ಹತ್ತಿರ ದಿನ ಎಣಿಸುವ ಎಕ್ಸೆಲ್ ಶೀಟ್ ಇದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಇದು ದೋಣಿ ಟ್ರೈಲರ್ ಹತ್ತುವ ನಾಲ್ಕು ದಿನ ಮೊದಲಿನ ವಿಡಿಯೋ. ಸಂಜೆ ಆರು ಗಂಟೆ, ಬಾಹಾ ಕಡೆಯ ಸಾಂತಾ ರೊಸಾಲಿಯಾ ಬಂದರು. ಕಾಪರ್ ಗಣಿಗಾಗಿ ಫ್ರೆಂಚ್ ಕಂಪನಿಯೊಂದು ಕಟ್ಟಿದ ಊರು ಇದು. ಮೆಕ್ಸಿಕೊದ ಊರುಗಳ ಹಾಗೆ ಕಾಣುವುದೇ ಇಲ್ಲ, ಎಲ್ಲ ಮರದ ಮನೆಗಳು. ಚರ್ಚು ಪೂರ್ತಿ ಕಬ್ಬಿಣದ್ದು. ಐಫೆಲ್ ಟವರ್ ಕಟ್ಟಿದವನದೇ ಕೆಲಸ ಅಂತ ಊರವರು ಹೆಮ್ಮೆಯಿಂದ ಹೇಳುತ್ತಾರೆ, ಇತಿಹಾಸ ಬಲ್ಲವರಲ್ಲಿ ಅದರ ಬಗ್ಗೆ ಜಗಳವಿದೆ. ನನಗೆ ಮುಖ್ಯವಾದದ್ದು ಅಲ್ಲಿನ ಹಳೇ ಬೇಕರಿ. ಬೇಕರಿ ಅಂದರೆ ನಾವು ಹಾಸನದ ಕಡೆಯವರು, ಬಿಡುತ್ತೇವಾ?

ಅಲ್ಲಿಂದ ಸಾನ್ ಕಾರ್ಲೊಸ್‌ಗೆ ಕೊರ್ಟೆಸ್ ಸಮುದ್ರ ದಾಟಬೇಕು. ಸುಮಾರು 70 ನಾಟಿಕಲ್ ಮೈಲಿ, ಅಂದರೆ 130 ಕಿಲೋಮೀಟರ್. ಟ್ರಕ್ಕಿನಲ್ಲಾದರೆ ಹಾಡು ಕೇಳುತ್ತಾ ಎರಡು ಗಂಟೆ. ದೋಣಿಗೆ ಹದಿನಾಲ್ಕು ಗಂಟೆ. ಗುರುತಿಲ್ಲದ ದಡಕ್ಕೆ ಕತ್ತಲಲ್ಲಿ ಹೋಗಬಾರದು, ಅದಕ್ಕೇ ಸಂಜೆ ಹೊರಟು ಬೆಳಿಗ್ಗೆ ತಲುಪುವುದು. ಮೂರು ಮೂರು ಗಂಟೆಯ ಪಾಳಿ. ಒಂದು ನಿಜ ಹೇಳಿಬಿಡುತ್ತೇನೆ: ಆ ರಾತ್ರಿ ಒಂಬತ್ತು ಗಂಟೆ ಕಾಲ ಓಡಿದ್ದು ಹಾಯಿ ಅಲ್ಲ, ಡೀಸೆಲ್ ಇಂಜಿನ್. ಹಾಯಿ ಬಿಚ್ಚಿದ ಚಂದದ ವಿಡಿಯೋ ಹಾಕುತ್ತೇವಲ್ಲ, ಅದು ಉಳಿದ ಐದು ಗಂಟೆಯದು.

ಗಾಳಿ ಬೇಕಾದಾಗ ಇರುವುದಿಲ್ಲ, ಬೇಡದಾಗ ಮೂರು ದಿನ ಕೂತುಬಿಡುತ್ತದೆ. ಚಳಿಗಾಲದಲ್ಲಿ ಉತ್ತರದ ಗಾಳಿಗೆ ಇಲ್ಲಿ ನೊರ್ತೆ ಅನ್ನುತ್ತಾರೆ. ಅಮೆರಿಕದ ಒಳನಾಡಿನ ಮರುಭೂಮಿ ಮೇಲೆ ತಣ್ಣನೆಯ ಭಾರದ ಗಾಳಿ ತುಂಬಿಕೊಳ್ಳುತ್ತದೆ. ಅದು ಕೆಳಗೆ ಹರಿಯಲು ದಾರಿ ಹುಡುಕುತ್ತದೆ. ಈ ಸಮುದ್ರವೋ ಎರಡೂ ಕಡೆ ಬೆಟ್ಟ ಇರುವ ಉದ್ದನೆಯ ಓಣಿ. ಆಲಿಕೆಯಲ್ಲಿ ನೀರು ಸುರಿದ ಹಾಗೆ ನುಗ್ಗುತ್ತದೆ. ಅಲೆಗಳು ದೊಡ್ಡವೇನಲ್ಲ, ಆದರೆ ಒಂದರ ಹಿಂದೆ ಒಂದು, ಉಸಿರಾಡಲು ಬಿಡದ ಹಾಗೆ. ಜನವರಿಯಲ್ಲಿ ಲೊರೆಟೊದ ಉತ್ತರಕ್ಕಿರುವ ಸಾನ್ ಹುವಾನಿಕೊ ಕೊಲ್ಲಿಯಲ್ಲಿ ನಾಲ್ಕು ದಿನ ಹೀಗೆ ಸಿಕ್ಕಿಕೊಂಡಿದ್ದೆವು. ಇವರು ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಲಂಗರು ಜಾರಿದೆಯಾ ಅಂತ ನೋಡುತ್ತಿದ್ದರು. ಫೋನಿನಲ್ಲಿ ಅಲಾರಂ ಇದೆ, ನಾವು ಹಾಕಿದ ಗೆರೆಯನ್ನು ದೋಣಿ ದಾಟಿದರೆ ಅದೇ ಬಡಿದುಕೊಳ್ಳುತ್ತದೆ. ಆದರೂ ಇವರಿಗೆ ನಂಬಿಕೆ ಇಲ್ಲ.

ಅಲ್ಲಿಯೇ ಜೇನುಹುಳಗಳ ಪರಿಚಯವೂ ಆಗಿದ್ದು. ಈ ಸಮುದ್ರದ ಸುತ್ತ ಬರೀ ಮರುಭೂಮಿ, ಸಿಹಿನೀರೇ ಇಲ್ಲ. ದೋಣಿಯಲ್ಲಿ ಸಿಹಿನೀರಿದೆ ಅಂತ ಒಂದು ಹುಳಕ್ಕೆ ಗೊತ್ತಾದರೆ ಸಾಕು, ಅರ್ಧ ಗಂಟೆಯಲ್ಲಿ ನೆಂಟರಿಷ್ಟರೆಲ್ಲ ಹಾಜರ್. ನಾನು ಪಾತ್ರೆ ತೊಳೆದು ಒರೆಸದೆ ಮೇಲೆ ಬೋರಲು ಹಾಕಿದ್ದೆ. ಕಚ್ಚುವ ಉದ್ದೇಶ ಅವಕ್ಕಿಲ್ಲ, ಬಾಯಾರಿಕೆ ಅಷ್ಟೇ. ಆದರೆ ನೂರಾರು ಹುಳ ನಿಮ್ಮ ಸಿಂಕಿನಲ್ಲಿ ಕೂತಿದ್ದರೆ ಉದ್ದೇಶ ವಿಚಾರಿಸುವ ಮನಸ್ಸು ಬರುವುದಿಲ್ಲ. ಸಂಜೆ ಕತ್ತಲಾದ ಮೇಲೆ ಅವು ಗೂಡಿಗೆ ಹೋದವು. ಅಲ್ಲಿವರೆಗೆ ನಾವಿಬ್ಬರೂ ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆವು. ಅವತ್ತು ಚಹಾನೂ ಇಲ್ಲ.

ಸರಿ, ಟ್ರ್ಯಾಕ್ಟರ್ ದೋಣಿಯನ್ನು ಎಳೆದು ತಂದು ನಿಲ್ಲಿಸಿದ ಯಾರ್ಡಿಗೆ ವಾಪಸ್ ಬರೋಣ. ದೋಣಿಯನ್ನು ಆರು ತಿಂಗಳಿಗೆ ಮಲಗಿಸುವುದು ಅಂದರೆ ಮಗುವನ್ನು ಮಲಗಿಸಿದ ಹಾಗಲ್ಲ, ಐದು ದಿನದ ಕೂಲಿ. ಹಾಯಿಗಳನ್ನು ಬಿಚ್ಚಿ ಮಡಚಬೇಕು, ಬಿಸಿಲಿಗೆ ಬಿಟ್ಟರೆ ಬಟ್ಟೆ ಹಪ್ಪಳವಾಗುತ್ತದೆ. ಇಂಜಿನ್ ಒಳಗಿನ ಉಪ್ಪುನೀರು ಹೋಗುವವರೆಗೆ ಸಿಹಿನೀರು ಹರಿಸಬೇಕು. ಕಿಟಕಿಗಳಿಗೆಲ್ಲ ಬೆಳ್ಳಿ ಬಣ್ಣದ ಹಾಳೆ ಅಂಟಿಸಬೇಕು. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ದಿನಗಳಿವೆ, ಮುಚ್ಚಿದ ದೋಣಿಯೊಳಗೆ ಇನ್ನೂ ಜಾಸ್ತಿ. ಒಳಗಿನ ಮರ ಒಣಗಿ ಸೀಳದಿರಲಿ ಅಂತ ಬಕೆಟ್‌ಗಳಲ್ಲಿ ನೀರು ತುಂಬಿ ಇಡುತ್ತೇವೆ. ಸುಮ್ನೆ ನೀರು, ಅದು ನಿಧಾನಕ್ಕೆ ಆವಿಯಾಗುತ್ತಾ ಇರುತ್ತದೆ. ಪಕ್ಕದ ದೋಣಿಯ ಕೆನಡಾದ ಅಜ್ಜ ಹೇಳಿಕೊಟ್ಟ ಉಪಾಯ. ಈ ಬಕೆಟ್ ನೆನಪಿಟ್ಟುಕೊಳ್ಳಿ.

ಆಮೇಲೆ ಟ್ರಕ್ಕು. ಆರು ತಿಂಗಳಿಂದ ಇದೇ ಯಾರ್ಡಿನಲ್ಲಿ ನಿಂತಿತ್ತು. ಬ್ಯಾಟರಿ ಸತ್ತಿತ್ತು, ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಸಂಸಾರ ಹೂಡಿತ್ತು. ಹಿಂದಿನ ತೊಟ್ಟಿಯಲ್ಲಿ ಕೂರಿಸಿರುವ ಪುಟ್ಟ ಮನೆಯಂಥ ಕ್ಯಾಂಪರ್ ಇದೆಯಲ್ಲ, ಅದರ ಮಾಡನ್ನು ಮೇಲಕ್ಕೆ ಎತ್ತಿದರೆ ಮಾತ್ರ ನಾವು ನೆಟ್ಟಗೆ ನಿಲ್ಲಬಹುದು. ದೋಣಿಯಿಂದ ಅದಕ್ಕೆ ಏನೇನು ದಾಟಿಸುತ್ತೇವೆ ಅಂದರೆ, ಎರಡು ಲ್ಯಾಪ್‌ಟಾಪ್, ಪಾಸ್‌ಪೋರ್ಟ್ ಫೈಲು, ಉಪಗ್ರಹದಿಂದ ಇಂಟರ್ನೆಟ್ ಹಿಡಿಯುವ ಸ್ಟಾರ್‌ಲಿಂಕ್, ಹಾಸಿಗೆ ಬಟ್ಟೆ, ಒಗ್ಗರಣೆ ಡಬ್ಬಿ, ಕುಕ್ಕರ್.

ಕುಕ್ಕರ್ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಹತ್ತಿರ ಎಲ್ಲವೂ ಎರಡೆರಡಿದೆ. ಎರಡು ಒಲೆ, ಎರಡು ಹಾಸಿಗೆ, ಎರಡು ಟೂಲ್ ಬಾಕ್ಸ್. ಕುಕ್ಕರ್ ಮಾತ್ರ ಒಂದೇ, ಮೂರು ಲೀಟರಿನ ಸ್ಟೀಲಿನದು, ಮದುವೆಗೆ ಬಂದದ್ದು. ದೋಣಿಯಲ್ಲಿ ಅದರ ಮುಚ್ಚಳ ಬಿಗಿಯಾಗಿರುವುದರಿಂದ ಅಲೆಗೆ ಕುಲುಕಿದರೂ ಬೇಳೆ ಚೆಲ್ಲುವುದಿಲ್ಲ. ಗ್ಯಾಸೂ ಉಳಿಯುತ್ತದೆ. ಟ್ರಕ್ಕಿನಲ್ಲಿ ಅದರ ಕೆಲಸ ಬೇರೆ. ಬೇಸಿಗೆಯಲ್ಲಿ ನಾವು ಅರಿಜೋನಾದ ಫ್ಲಾಗ್‌ಸ್ಟಾಫ್ ಸುತ್ತಿನ ಕಾಡಿಗೆ ಹೋಗುತ್ತೇವೆ. ಅಲ್ಲಿ ಸರ್ಕಾರಿ ಕಾಡಿನಲ್ಲಿ ಒಂದೆಡೆ 14 ದಿನ ಬಾಡಿಗೆ ಇಲ್ಲದೆ ಇರಬಹುದು, ಆಮೇಲೆ ಜಾಗ ಖಾಲಿ ಮಾಡಬೇಕು. ಎತ್ತರ ಸುಮಾರು 2,100 ಮೀಟರ್. ಅಷ್ಟು ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಮೊದಲ ವರ್ಷ ಒಂದು ಸಲ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟು ಮಧ್ಯಾಹ್ನದಿಂದ ಸಂಜೆವರೆಗೆ ಕಾದೆ. ಬೇಳೆ ಕುದಿಯಿತು, ಕುಣಿಯಿತು, ಬೇಯಲಿಲ್ಲ.

ಹುಣಸೆಹಣ್ಣು, ಕೊತ್ತಂಬರಿ ಸೊಪ್ಪಿಗೆ ಮೆಕ್ಸಿಕೊದಲ್ಲಿ ಬರ ಇಲ್ಲ. ಗುವಾಹಿಯೊ ಅಂತ ಒಣಮೆಣಸಿದೆ, ಬಣ್ಣ ಜಾಸ್ತಿ, ಖಾರ ಕಡಿಮೆ, ಥೇಟ್ ನಮ್ಮ ಬ್ಯಾಡಗಿ. ಹುಳಿಪುಡಿಗೆ ಈಗ ಅದನ್ನೇ ಹುರಿಯುತ್ತೇನೆ. ಇಲ್ಲದ್ದು ಕರಿಬೇವು, ಅಮೆರಿಕದೊಳಗೆ ಎಲ್ಲಿಂದಲೂ ಒಯ್ಯುವ ಹಾಗೂ ಇಲ್ಲ. ನಿಂಬೆ, ಕಿತ್ತಳೆ ಗಿಡಕ್ಕೆ ರೋಗ ಹರಡುವ ಕೀಟ ಕರಿಬೇವಿನ ಎಲೆಯಲ್ಲಿ ಕೂರುತ್ತದೆ ಅಂತ ಗಡಿಯಲ್ಲೇ ಕಿತ್ತುಕೊಳ್ಳುತ್ತಾರೆ.

ನಿನ್ನೆ ಬೆಳಿಗ್ಗೆ ದೋಣಿಗೆ ಬೀಗ ಹಾಕಿ ಹೊರಟೆವು. ಏಣಿ ಇಳಿಯುವಾಗ ನಾನು ಪ್ರತಿ ಸಲದ ಹಾಗೆ ಹಲಗೆ ಮುಟ್ಟಿ ನಮಸ್ಕಾರ ಮಾಡಿದೆ. ಇವರು ನೋಡದ ಹಾಗೆ ನಟಿಸಿದರು. ಗಡಿಯ ನೊಗಾಲೆಸ್‌ಗೆ ಇಲ್ಲಿಂದ 400 ಕಿಲೋಮೀಟರ್ ಚಿಲ್ಲರೆ. ದಾರಿಯಲ್ಲಿ ಎರ್ಮೊಸಿಯೊ ಊರಿನ ಹೊರಗೆ ಊಟಕ್ಕೆ ನಿಲ್ಲಿಸಿದೆವು. ಅಕ್ಕಿ ತೊಳೆದೆ, ಕುಕ್ಕರ್ ತೆಗೆದೆ. ವಿಷಲ್ ಇಲ್ಲ.

ಒಗ್ಗರಣೆ ಡಬ್ಬಿಯಲ್ಲಿ ಹುಡುಕಿದೆ. ಟೂಲ್ ಬಾಕ್ಸ್‌ನಲ್ಲಿ ಹುಡುಕಿದೆ. ಆಮೇಲೆ ನೆನಪಾಯಿತು, ದೋಣಿಯ ಸಿಂಕಿನ ಪಕ್ಕ ಒಣಗಲು ಇಟ್ಟಿದ್ದೆ. ಗಡಿಯಾಚೆ ಅರಿಜೋನಾದ ಟೂಸಾನ್‌ನಲ್ಲಿ ಇಂಡಿಯನ್ ಅಂಗಡಿ ಇದೆ, ಹೊಸದು ತಗೊಳ್ಳೋಣ ಅಂದರು ಇವರು. ಆ ಕುಕ್ಕರ್ ಹದಿನಾಲ್ಕು ವರ್ಷದ್ದು, ಅದರ ವಿಷಲ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಅಂದೆ. ಅರ್ಧ ಗಂಟೆ ಮಾತಿಲ್ಲ. ಆಮೇಲೆ ಅವರೇ ಸ್ಟೀರಿಂಗ್ ತಿರುಗಿಸಿದರು. 130 ಕಿಲೋಮೀಟರ್ ವಾಪಸ್. ಮೂರು ವರ್ಷದಲ್ಲಿ ಇವರು ಜಗಳವಾಡದೆ ಸೋತದ್ದು ಇದೇ ಮೊದಲು.

ಈಗ ನೋಡುತ್ತಿರುವುದು ನಿನ್ನೆ ಸಂಜೆಯದು. ಬೀಗ ತೆಗೆದು ಬಾಗಿಲ ಹಲಗೆ ಸರಿಸುವಾಗಲೇ ಒಳಗಿಂದ ಗುಂಯ್ ಅನ್ನುವ ಸದ್ದು. ಮುಂದಿನ ಹ್ಯಾಚ್, ಅಂದರೆ ದೋಣಿಯ ಮೇಲ್ಗಡೆಯ ಕಿಂಡಿ, ಎರಡು ಬೆರಳಷ್ಟು ತೆರೆದೇ ಇತ್ತು. ಮುಚ್ಚುವುದು ನನ್ನ ಪಾಲಿನ ಕೆಲಸ, ಪಟ್ಟಿಯಲ್ಲಿ ನಾನೇ ಟಿಕ್ ಹಾಕಿದ್ದೇನೆ. ಬಕೆಟ್ ಸುತ್ತ ಜೇನುಹುಳಗಳು, ಅಂಚಿನ ಮೇಲೆ ಸಾಲಾಗಿ ಕೂತು ನೀರು ಕುಡಿಯುತ್ತಿವೆ, ಮದುವೆ ಮನೆಯ ಮೊದಲ ಪಂಕ್ತಿಯ ಹಾಗೆ. ಒಂದೇ ದಿನಕ್ಕೆ ಇಷ್ಟು. ಆರು ತಿಂಗಳು ಬಿಟ್ಟಿದ್ದರೆ ಡಿಸೆಂಬರ್‌ನಲ್ಲಿ ನಾವು ಅವುಗಳ ಮನೆಗೆ ಬಾಡಿಗೆಗೆ ಬರಬೇಕಿತ್ತು.

ಕತ್ತಲಾಗುವವರೆಗೆ ಕೆಳಗೆ ಕಾದೆವು. ಹುಳಗಳು ಹೋದ ಮೇಲೆ ಇವರು ಹತ್ತಿ ಹ್ಯಾಚ್ ಮುಚ್ಚಿದರು, ಬಕೆಟ್‌ಗಳಿಗೆ ಸೊಳ್ಳೆ ಪರದೆ ಕಟ್ಟಿದರು. ವಿಷಲ್ ಜೇಬಿನಲ್ಲಿ ಹಾಕಿಕೊಂಡು ಇಳಿದರು. ರಾತ್ರಿ ಮತ್ತೆ ಹೊರಡುವ ಶಕ್ತಿ ಇರಲಿಲ್ಲ. ದೋಣಿಯ ಹೊಟ್ಟೆಯ ಕೆಳಗೇ ಟ್ರಕ್ಕು ನಿಲ್ಲಿಸಿ, ಕ್ಯಾಂಪರ್ ಮಾಡು ಎತ್ತಿ, ಅನ್ನ, ಬೇಳೆಗೆ ಇಟ್ಟೆ.

ಮೊದಲ ಕೂಗಿಗೇ ಯಾರ್ಡಿನ ಕಾವಲುಗಾರ ಟಾರ್ಚ್ ಹಿಡಿದು ಓಡಿಬಂದ. ಎಲ್ಲೋ ಗ್ಯಾಸ್ ಸೋರುತ್ತಿದೆ ಅಂದುಕೊಂಡಿದ್ದನಂತೆ, ಪಾಪ. ನಮ್ಮ ಅರೆಬರೆ ಸ್ಪ್ಯಾನಿಷ್‌ನಲ್ಲಿ ಫ್ರಿಹೋಲೆಸ್, ಫ್ರಿಹೋಲೆಸ್ ಅಂದೆವು, ಬೇಳೆಗೆ ಹತ್ತಿರದ ಮಾತು ನಮಗೆ ಅದೇ ಗೊತ್ತಿದ್ದದ್ದು. ಅವನು ಟಾರ್ಚ್ ಆರಿಸಿ, ಮಡಚುವ ಕುರ್ಚಿ ಎಳೆದುಕೊಂಡು ಕೂತ. ಇನ್ನೂ ಎರಡು ಕೂಗು ಬಾಕಿ ಇದೆ ಅಂತ ಬೆರಳು ತೋರಿಸಿದೆ.