ವಂಡರ್‌ಲಾ ಹತ್ತಿರ ರೂಮ್: ಎರಡು ರಾತ್ರಿ ಯಾಕೆ, ಒಂದೇ ಸಾಕು

"ಅಕ್ಕ, ವಂಡರ್‌ಲಾ ಹತ್ತಿರ ಕಡಿಮೆ ರೇಟಿಗೆ ಫ್ಯಾಮಿಲಿ ರೂಮ್ ಎಲ್ಲಿ ಸಿಗುತ್ತೆ?" ಬೆಂಗಳೂರು ಹತ್ತಿರದ ಈ ಅಮ್ಯೂಸ್‌ಮೆಂಟ್ ಪಾರ್ಕಿಗೆ ಬರೋಕೆ ಹೀಗೆ ಕೇಳುವವರು ಹೆಚ್ಚಾಗಿ ನಮ್ಮ ಕಡೆಯವರೇ. ದಾವಣಗೆರೆ, ಹಾವೇರಿ, ಶಿವಮೊಗ್ಗ, ಹುಬ್ಬಳ್ಳಿ. ಬೆಂಗಳೂರಿನವರಿಗೆ ಈ ತಲೆನೋವೇ ಇಲ್ಲ. ಬೆಳಗ್ಗೆ ತಿಂಡಿ ತಿಂದು ಹೊರಟರೆ ರಾತ್ರಿ ಊಟಕ್ಕೆ ಮನೆ ಸೇರುತ್ತಾರೆ. ನಾವು ದಾವಣಗೆರೆಯಿಂದ 260 ಕಿಲೋಮೀಟರ್ ದಾಟಿ ಬರಬೇಕು. ಜೊತೆಗೆ ಇಬ್ಬರು ಮಕ್ಕಳು, ಮಂಡಿ ನೋವಿರುವ ಅತ್ತೆ, ಮೂರು ಬ್ಯಾಗು.

ರೂಮ್ ಎಲ್ಲಿ ಅಂತ ಆಮೇಲೆ ನೋಡೋಣ. ಯಾವ ರಾತ್ರಿಗೆ ಬೇಕು, ಅದನ್ನು ಮೊದಲು ಯೋಚಿಸಿ.

ಎಲ್ಲರೂ ಎರಡು ರಾತ್ರಿಗೆ ಬುಕ್ ಮಾಡುತ್ತಾರೆ. ಹಿಂದಿನ ದಿನವೇ ಬಂದು ಮಲಗೋದು, ಪಾರ್ಕ್ ನೋಡಿ ಮತ್ತೆ ಮಲಗೋದು. ಆದರೆ ವಂಡರ್‌ಲಾ ಗೇಟ್ ತೆಗೆಯೋದೇ 11 ಗಂಟೆಗೆ. ನಮ್ಮೂರಿಂದ ರಾತ್ರಿ ಬಸ್ ಹತ್ತಿದರೆ ಬೆಳಕು ಹರಿಯುವಷ್ಟರಲ್ಲಿ ಮೆಜೆಸ್ಟಿಕ್ ಬಂದಿರುತ್ತೆ. ಅಲ್ಲಿಂದ ಬಿಡದಿ ಕಡೆ ಹೋಗೋಕೆ ಬೇಕಾದಷ್ಟು ಟೈಮ್ ಇದೆ. ಅಂದಮೇಲೆ ಹಿಂದಿನ ರಾತ್ರಿಯ ರೂಮ್ ಬಾಡಿಗೆ ಸುಮ್ನೆ ದಂಡ. ನಿಜವಾಗಿ ರೂಮ್ ಬೇಕಾಗೋದು ಪಾರ್ಕಿನಿಂದ ಹೊರಗೆ ಬಂದ ಸಂಜೆ. ಆಗ ಮಕ್ಕಳ ತಲೆ ಒದ್ದೆ, ದೊಡ್ಡವರ ಕಾಲು ಸೋತಿರುತ್ತೆ, ಎಲ್ಲರಿಗೂ ಹೊಟ್ಟೆ ಹಸಿದಿರುತ್ತೆ. ಅವತ್ತೇ ರಾತ್ರಿ ಮತ್ತೆ ಬಸ್ ಹತ್ತಿ ಊರಿಗೆ ಹೊರಡೋದು ಹುಡುಗರ ಗ್ಯಾಂಗಿಗೆ ಸರಿ, ನಮ್ಮಂಥವರಿಗಲ್ಲ.

ಬಸ್ ಅಂದೆ, ಅದರಲ್ಲೂ ಒಂದು ಲೆಕ್ಕ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿದರೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಅದು ನಡೆಯಲ್ಲ. ನಮ್ಮಲ್ಲಿ ಅತ್ತೆ, ನಾನು, ಮಗಳು ಮೂವರದೂ ಫ್ರೀ. ದುಡ್ಡು ಕೊಡಬೇಕಾದವರು ನಮ್ಮ ಯಜಮಾನರು ಒಬ್ಬರೇ, ಮಗನಿಗೆ ಇನ್ನೂ ಟಿಕೆಟ್ ಇಲ್ಲ. "ಈ ಮನೆಯಲ್ಲಿ ದುಡ್ಡು ಕೊಟ್ಟು ಓಡಾಡೋನು ನಾನೊಬ್ಬನೇ" ಅಂತ ಬಸ್ ಹತ್ತಿದಾಗಿಂದ ಹೇಳುತ್ತಲೇ ಇದ್ದರು. ಹೋಗಲಿ ಬಿಡಿ, ಕಿಟಕಿ ಸೀಟು ಅವರಿಗೇ ಕೊಟ್ಟೆವು. ವಿಡಿಯೋದಲ್ಲಿ ನೋಡಿ, ಹೆಂಗೆ ನಿದ್ದೆ ಹೊಡೀತಿದ್ದಾರೆ.

ಈಗ ಜಾಗದ ವಿಷಯ. ವಂಡರ್‌ಲಾಗೆ ಬಿಡದಿ ಅಂತ ಹೆಸರಿದ್ದರೂ ಅದು ಬಿಡದಿ ಊರೊಳಗಿಲ್ಲ. ಬೆಂಗಳೂರಿನಿಂದ ಸುಮಾರು 28 ಕಿಲೋಮೀಟರ್, ಬಿಡದಿ ಇನ್ನೂ ಸ್ವಲ್ಪ ಮುಂದೆ ಇರುವಾಗಲೇ, ಹೆಜ್ಜಾಲದ ಕಡೆ ಸಿಗುತ್ತೆ. 2005ರಲ್ಲಿ ಶುರುವಾದಾಗ ಸುತ್ತಮುತ್ತ ಹೊಲ, ತೋಟ ಬಿಟ್ಟರೆ ಹೆಚ್ಚೇನೂ ಇರಲಿಲ್ಲ ಅಂತ ಹಳಬರು ಹೇಳುತ್ತಾರೆ. ಈಗ ಪಾರ್ಕಿನವರದೇ ರೆಸಾರ್ಟ್ ಪಕ್ಕದಲ್ಲಿದೆ. ನಡೆದುಕೊಂಡೇ ಹೋಗಬಹುದು, ಚೆನ್ನಾಗಿದೆ. ಬಜೆಟ್ ಇದ್ದವರು ಕಣ್ಣು ಮುಚ್ಚಿ ಅಲ್ಲೇ ಇಳಿದುಕೊಳ್ಳಿ, ಈ ವಿಡಿಯೋ ನೋಡೋದೂ ಬೇಡ.

ಉಳಿದವರಿಗೆ ಮೂರು ಊರು. ಬಿಡದಿ, ಕೆಂಗೇರಿ, ರಾಮನಗರ.

ಬಿಡದಿಯಲ್ಲಿ ಲಾಡ್ಜ್‌ಗಳಿಗೆ ಕೊರತೆ ಇಲ್ಲ. ಆದರೆ ಅವು ನಮಗೋಸ್ಕರ ಕಟ್ಟಿದ್ದಲ್ಲ. ಅಲ್ಲಿ ದೊಡ್ಡ ಕೈಗಾರಿಕಾ ಪ್ರದೇಶ ಇದೆ, ಟೊಯೋಟಾ ಕಾರ್ಖಾನೆ ಇರೋದು ಅಲ್ಲೇ. ಕಂಪನಿ ಕೆಲಸಕ್ಕೆ ಬಂದವರು, ಮಷೀನ್ ರಿಪೇರಿಗೆ ಬಂದವರು ಒಬ್ಬೊಬ್ಬರೇ ಉಳಿಯುವ ರೂಮ್‌ಗಳು ಅವು. ಒಂದು ಮಂಚ, ಒಂದು ಟೀವಿ, ಮೊಳೆಗೆ ನೇತುಹಾಕಿದ ಕನ್ನಡಿ. ಕೆಲವು ಕಡೆ ಕೆಳಗೆ ಬಾರ್ ಅಂಡ್ ರೆಸ್ಟೋರೆಂಟ್, ಮೇಲೆ ಲಾಡ್ಜಿಂಗ್. ಆ್ಯಪ್‌ನಲ್ಲಿ ಹಾಕಿರುವ ಫೋಟೋದಲ್ಲಿ ಬಿಳಿ ಬೆಡ್‌ಶೀಟ್ ಮಾತ್ರ ಕಾಣುತ್ತೆ, ಬಾರ್ ಬೋರ್ಡ್ ಕಾಣಲ್ಲ. ಅದಕ್ಕೆ ನಾನು ಮ್ಯಾಪ್‌ನಲ್ಲಿ ಬೀದಿಯ ಫೋಟೋ ತೆರೆದು ಕಟ್ಟಡದ ಮುಂಭಾಗ ನೋಡುತ್ತೇನೆ. ನೆಲ ಮಹಡಿಯಲ್ಲಿ ದರ್ಶಿನಿ ಇದ್ದರೆ ಮುಂದಕ್ಕೆ, ಬಾರ್ ಇದ್ದರೆ ಹಿಂದಕ್ಕೆ. ಎಲ್ಲ ಬಾರ್ ಲಾಡ್ಜೂ ಕೆಟ್ಟದು ಅಂತ ಅಲ್ಲ. ರಾತ್ರಿ ಹನ್ನೊಂದಕ್ಕೆ ಅತ್ತೆ ಮೆಟ್ಟಿಲಿಳಿದು ಬಿಸಿನೀರು ಕೇಳೋಕೆ ಹೋಗೋ ಹಾಗಿರಬೇಕು, ಅಷ್ಟೇ.

ಕೆಂಗೇರಿ ಬೇರೆ ತರಹ. ಕಾಲೇಜು, ಆಸ್ಪತ್ರೆ ಜಾಸ್ತಿ ಇರುವುದರಿಂದ ಅಪ್ಪ ಅಮ್ಮ, ಅಜ್ಜಿ ತಾತ ಬಂದು ಉಳಿಯುವ ರೂಮ್‌ಗಳು ಸಿಗುತ್ತವೆ. ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟ್‌ಗಳೂ ಇವೆ. ಮೆಟ್ರೋ ನೇರಳೆ ಮಾರ್ಗ 2021ರಲ್ಲೇ ಕೆಂಗೇರಿಗೆ ಬಂತು, ಈಗ ಚಲ್ಲಘಟ್ಟದವರೆಗೂ ಹೋಗುತ್ತೆ. ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋ ಹತ್ತಿದರೆ ಟ್ರಾಫಿಕ್ ಗೋಜಿಲ್ಲ. ಅಲ್ಲಿಂದ ಮುಂದೆ ಬಸ್ಸು. ದೂರ ಸ್ವಲ್ಪ ಜಾಸ್ತಿ ಆದರೂ ಮಕ್ಕಳಿಗೆ ಜ್ವರ ಬಂದರೆ ಮೆಡಿಕಲ್ ಶಾಪ್, ರಾತ್ರಿ ಹತ್ತಕ್ಕೂ ಊಟ, ಎಲ್ಲ ಕೈಗೆ ಎಟುಕುತ್ತೆ.

ರಾಮನಗರ ಬಿಡದಿ ದಾಟಿ ಇನ್ನೂ ಹದಿನೈದು ಕಿಲೋಮೀಟರ್ ಮೇಲೆ. ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆ ಇರುವ ಊರು, ರೈತರು ವ್ಯಾಪಾರಸ್ಥರು ಉಳಿಯುವ ಹಳೇ ಲಾಡ್ಜ್‌ಗಳಿವೆ. ಮೈಸೂರಿಗೆ ಮುಂದುವರಿಯುವವರು, ಸ್ವಂತ ಕಾರ್ ಇರುವವರು ಅಲ್ಲಿ ನೋಡಬಹುದು. ಬಸ್ಸಿನವರಿಗೆ ನಾನು ಹೇಳಲ್ಲ.

ಬಸ್ಸಿನವರ ಕಷ್ಟ ಇನ್ನೊಂದಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಆಟೋ, ಬೈಕ್ ಬಿಡುವುದಿಲ್ಲ. ಆಟೋ ಸರ್ವಿಸ್ ರಸ್ತೆಯಲ್ಲೇ ಬರಬೇಕು. ಮ್ಯಾಪ್ ಹತ್ತು ನಿಮಿಷ ಅಂತ ತೋರಿಸಿದರೆ ಅದು ಕಾರಿನ ಹತ್ತು ನಿಮಿಷ. ಸಂಜೆ ಪಾರ್ಕ್ ಬಿಟ್ಟಾಗ ಎಲ್ಲರೂ ಒಟ್ಟಿಗೆ ಹೊರಗೆ ಬರುತ್ತಾರೆ, ಆಗ ಆಟೋದವರು ಹೇಳಿದ್ದೇ ರೇಟು. ಬೆಳಗ್ಗೆ ನಮ್ಮನ್ನು ಪಾರ್ಕಿಗೆ ಬಿಟ್ಟ ಆಟೋದವರ ಹತ್ತಿರವೇ ಸಂಜೆಗೂ ಮಾತಾಡಿಕೊಂಡೆವು. "ಆರೂವರೆಗೆ ಬಂದ್ಬಿಡಿ ಅಣ್ಣ" ಅಂದರೆ, "ಆರೂಕಾಲಿಗೇ ನಿಂತಿರ್ತೀನಿ ಬಿಡಕ್ಕ" ಅಂದರು. ನಿಂತಿದ್ದರು ಕೂಡ. ಹತ್ತಿರದ ರೂಮಿಗೆ ಐನೂರು ಜಾಸ್ತಿ ಕೊಡೋದಾ, ದೂರದ ರೂಮ್ ಹಿಡಿದು ಆ ಐನೂರನ್ನು ಗಾಡಿಗೆ ಸುರಿಯೋದಾ, ಎರಡನ್ನೂ ಕೂಡಿಸಿ ನೋಡಿ.

ಈಗ ನಿಮಗೆ ಕಾಣಿಸುತ್ತಿರೋದು ಬಿಡದಿಯಲ್ಲಿ ನಾವು ಉಳಿದ ಲಾಡ್ಜಿನ ರಿಸೆಪ್ಷನ್. ಗೋಡೆ ಮೇಲಿನ ಬೋರ್ಡ್ ನೋಡಿ: "24 ಗಂಟೆ ಚೆಕ್ ಔಟ್". ಈ ಸಾಲೇ ನನಗೆ ಬೇಕಾಗಿದ್ದು. ಕೆಲವು ಹೋಟೆಲ್‌ಗಳಲ್ಲಿ ಮಧ್ಯಾಹ್ನ 12ರಿಂದ 12 ಒಂದು ದಿನ. ಸಂಜೆ ಏಳಕ್ಕೆ ರೂಮಿಗೆ ಹೋದರೂ ಮಾರನೇ ದಿನ 12ಕ್ಕೆ ಖಾಲಿ ಮಾಡಬೇಕು, ಬಾಡಿಗೆ ಪೂರ್ತಿ. 24 ಗಂಟೆ ಲಾಡ್ಜ್‌ನಲ್ಲಿ ನೀವು ರಿಜಿಸ್ಟರ್‌ನಲ್ಲಿ ಸಹಿ ಹಾಕಿದ ಹೊತ್ತಿನಿಂದ ಲೆಕ್ಕ. ಅದಕ್ಕೆ ಬೆಳಗ್ಗೆ ಬಂದಾಗ ನಾವು ಸಹಿ ಹಾಕಲೇ ಇಲ್ಲ. ಫೋನಿನಲ್ಲೇ ಮಾತಾಗಿತ್ತು:

"ಸರ್, ಬೆಳಗ್ಗೆ ಬ್ಯಾಗ್ ಮಾತ್ರ ಇಟ್ಟು ಹೋಗ್ತೀವಿ. ರೂಮ್ ಸಂಜೆ ಏಳಕ್ಕೆ ತಗೋತೀವಿ. ಆಗುತ್ತಾ?"

"ಇಡಿ ಮೇಡಂ. ಸ್ನಾನ ಮಾಡ್ಬೇಕಾ? ಕೆಳಗಡೆ ಒಂದು ಬಾತ್ರೂಮ್ ಇದೆ. ಹುಡುಗನಿಗೆ ಏನಾದ್ರೂ ಕೊಡಿ, ಬಿಸಿನೀರು ಬಿಡ್ತಾನೆ."

ನೂರು ರೂಪಾಯಿ ಕೊಟ್ಟೆವು. ಐದು ಜನರ ಸ್ನಾನ ಆಯಿತು. ರೂಮ್ ನಮ್ಮದಾಗಿದ್ದು ಸಂಜೆ ಏಳಕ್ಕೆ, ಬಿಡಬೇಕಾಗಿದ್ದು ಮಾರನೇ ಸಂಜೆ ಏಳಕ್ಕೆ. ಬಾಡಿಗೆ 1,800.

ಈ 1,800ರ ಮೊದಲು ಇನ್ನೊಂದು ಲಾಡ್ಜಿಗೆ ಫೋನ್ ಮಾಡಿದ್ದೆ. ಆ್ಯಪ್‌ನಲ್ಲಿ 1,100 ಅಂತ ಇತ್ತು. ಕೇಳುತ್ತಾ ಹೋದರೆ, ಅದು ಇಬ್ಬರಿಗಂತೆ. ಮೂರನೆಯವರಿಂದ ಮುಂದೆ ತಲೆಗೆ 400, ಐದು ವರ್ಷ ದಾಟಿದ ಮಕ್ಕಳಿಗೂ ಸೇರಿ. ಹಾಸಿಗೆಗೆ ಬೇರೆ ದುಡ್ಡು. ಕೊನೆಗೆ ಲೆಕ್ಕ ಹಾಕಿದರೆ 2,000 ದಾಟಿತು. ಅದಕ್ಕೇ ಆ್ಯಪ್‌ನಲ್ಲಿ ಜಾಗ ಹುಡುಕಿ, ಮಾತು ಫೋನಿನಲ್ಲಿ ಆಡಿ ಅನ್ನೋದು. ಒಟ್ಟು ಎಷ್ಟು ಜನ, ಮಕ್ಕಳ ವಯಸ್ಸೆಷ್ಟು ಹೇಳಿ, "ಎಲ್ಲ ಸೇರಿ ಎಷ್ಟು?" ಅಂತ ಕೇಳಿ. ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಅದು ಶೇ 5 ಆಗಿದೆ, ಮೊದಲು 12 ಇತ್ತು. ಹಳೇ ರೇಟು ಹಾಕಿದ ಬಿಲ್ ಕೊಟ್ಟರೆ ಸುಮ್ಮನೆ ಇರಬೇಡಿ.

ಇನ್ನೊಂದು ಗುಟ್ಟು ನಾವು ಉಳಿದ ಲಾಡ್ಜಿನ ಮ್ಯಾನೇಜರ್ ಹೇಳಿದ್ದು. ಮೈಸೂರು ರಸ್ತೆಯಲ್ಲಿ ಕಲ್ಯಾಣ ಮಂಟಪಗಳು ಸಾಲು ಸಾಲು. ಒಳ್ಳೆ ಮುಹೂರ್ತ ಇರುವ ದಿನ ಗಂಡಿನ ಕಡೆಯವರು ಲಾಡ್ಜ್‌ನ ಅರ್ಧ ರೂಮ್ ಹಿಡಿದುಬಿಟ್ಟಿರುತ್ತಾರೆ, ಆವತ್ತು ರೇಟೂ ಇಳಿಯಲ್ಲ. ರಜಾ ದಿನ ನೋಡೋದರ ಜೊತೆಗೆ ಪಂಚಾಂಗವನ್ನೂ ನೋಡಿ ಬನ್ನಿ ಅಂದರು. ಅತ್ತೆಗೆ ಇದು ತುಂಬಾ ಹಿಡಿಸಿತು. "ನಾನು ಹೇಳಿರ್ಲಿಲ್ವೇನಮ್ಮ, ಆಷಾಢದಲ್ಲೇ ಹೋಗೋಣ ಅಂತ" ಅಂದರು. ಆಷಾಢದಲ್ಲಿ ಮದುವೆ ಇಲ್ಲ, ಶಾಲೆ ಶುರುವಾಗಿರುತ್ತೆ, ರೂಮ್ ಚೌಕಾಸಿಗೆ ಸಿಗುತ್ತೆ. ಮಳೆ? ನೀರಲ್ಲಿ ಆಡೋಕೇ ಹೋಗ್ತಿರೋದು, ಅಲ್ವಾ.

ಪಾರ್ಕ್ ಒಳಗಿನ ವಿಷಯ ಜಾಸ್ತಿ ಹೇಳಲ್ಲ, ಆ ತರಹದ ವಿಡಿಯೋ ಸಾಕಷ್ಟಿವೆ. ಖರ್ಚಿಗೆ ಸಂಬಂಧಪಟ್ಟದ್ದು ಮಾತ್ರ. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂಟಿಮೀಟರ್‌ಗಿಂತ ಕೆಳಗಿದ್ದರೆ ಟಿಕೆಟ್ ಇಲ್ಲ, 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದು. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದುಕೊಂಡು ಬನ್ನಿ, ಬಜೆಟ್ ಗೊತ್ತಾಗುತ್ತೆ. ನೀರಿಗೆ ಇಳಿಯೋಕೆ ನೈಲಾನ್, ಲೈಕ್ರಾ ತರಹದ ಬಟ್ಟೆ ಬೇಕು, ಕಾಟನ್ ಬಿಡಲ್ಲ. ಹೊರಗಿನ ತಿಂಡಿ ಒಳಗೆ ಬಿಡಲ್ಲ. ನಮ್ಮ ಮಂಡಕ್ಕಿ ಡಬ್ಬಿ ಲಾಡ್ಜಿನ ಬ್ಯಾಗಿನಲ್ಲೇ ಉಳಿಯಿತು.

ಈಗ ರೂಮ್. ಒಳಗೆ ಬಂದ ತಕ್ಷಣ ನಾನು ನೋಡಿದ್ದು ಹಾಸಿಗೆ ಅಲ್ಲ, ಬಾತ್ರೂಮ್. ವೆಸ್ಟರ್ನ್ ಕಮೋಡ್ ಇದೆ, ಅತ್ತೆಗೆ ಅದು ಇಲ್ಲದಿದ್ದರೆ ಆಗಲ್ಲ. ಕೆಂಪು ಬಕೆಟ್, ಹಿಡಿ ಮುರಿದ ಮಗ್ಗು. ನಲ್ಲಿಯಲ್ಲಿ ಬಿಸಿನೀರು ಬರೋಕೆ ಎರಡು ಬಕೆಟ್ ತಣ್ಣೀರು ಹರಿಸಬೇಕು, ಆ ನೀರಿನಲ್ಲೇ ಒದ್ದೆ ಬಟ್ಟೆ ಜಾಲಿಸಿದೆ. ಫೋನಿನಲ್ಲಿ ಕೇಳಲೇಬೇಕಾದದ್ದು ಇದು: "ಸಂಜೆ ಬಿಸಿನೀರು ಬರುತ್ತಾ?" ಎಷ್ಟೋ ಲಾಡ್ಜ್‌ಗಳಲ್ಲಿ ಬೆಳಗ್ಗೆ 6ರಿಂದ 9 ಮಾತ್ರ. ಪಾರ್ಕಿನಿಂದ ಬಂದ ಮಕ್ಕಳಿಗೆ ಬೇಕಾಗೋದು ಸಂಜೆ. ರೂಮಿನಲ್ಲೇ ಗೀಸರ್ ಇದ್ದರೆ ಆ ಗೋಳಿಲ್ಲ.

ಬಟ್ಟೆ ಒಣಗಿಸೋಕೆ ಟೆರೇಸ್ ಮೇಲೆ ತಂತಿ ಕಟ್ಟಿದ್ದರು. ಅಲ್ಲಿ ನೋಡಿ, ಲಾಡ್ಜಿನ ಬಿಳಿ ಬೆಡ್‌ಶೀಟ್‌ಗಳ ಮಧ್ಯೆ ನಮ್ಮ ಯಜಮಾನರ ಹಳದಿ ಚಡ್ಡಿ. ಕ್ಲಿಪ್ ಮನೆಯಿಂದ ತಂದಿದ್ದೆ. ಡಬಲ್ ಬೆಡ್ ಮೇಲೆ ಅತ್ತೆ, ನಾನು, ಮಗ. ಕೆಳಗೆ ಎಕ್ಸ್‌ಟ್ರಾ ಹಾಸಿಗೆಯಲ್ಲಿ ಅಪ್ಪ ಮಗಳು. ನಾವು ತಂದಿದ್ದ ಎರಡು ದುಪ್ಪಟಿ ಇಲ್ಲಿ ಕೆಲಸಕ್ಕೆ ಬಂತು, ಲಾಡ್ಜ್‌ನಲ್ಲಿ ಕೊಟ್ಟ ರಗ್ಗು ಯಾರೂ ಮುಟ್ಟಲಿಲ್ಲ.

ರಾತ್ರಿ ಊಟಕ್ಕೆ ಯಾರಿಗೂ ಹೊರಗೆ ಹೋಗುವ ಮನಸ್ಸಿರಲಿಲ್ಲ. ಕೆಳಗಿನ ದರ್ಶಿನಿಯಿಂದ ಅನ್ನ ಸಾಂಬಾರ್, ಮೊಸರು ಪಾರ್ಸೆಲ್. ಜೊತೆಗೆ ನಮ್ಮ ಮಂಡಕ್ಕಿ. ದಿನಪತ್ರಿಕೆ ಹಾಸಿ, ಈರುಳ್ಳಿ ಹೆಚ್ಚಿ, ಖಾರ ಕಲಸಿದ್ದು ಅತ್ತೆ. ಚಾಕು ರಿಸೆಪ್ಷನ್‌ನಿಂದ. ತಂದುಕೊಟ್ಟ ಹುಡುಗ ಬಾಗಿಲಲ್ಲೇ ನಿಂತಿದ್ದ. "ದಾವಣಗೆರೆಯೋರಾ?" ಅಂದ. ಅವನಿಗೂ ಒಂದು ಪೊಟ್ಟಣ ಕಟ್ಟಿಕೊಟ್ಟೆವು.

ಮಾರನೇ ದಿನ ಎಂಟೂವರೆ ತನಕ ಯಾರೂ ಏಳಲಿಲ್ಲ, ಏಳಿಸೋ ಅವಸರವೂ ಇರಲಿಲ್ಲ. ಬಿಡದಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋಗೋಕಾಗುತ್ತಾ? ಬೆಣ್ಣೆ ಹಾಕಿ ಕೊಟ್ಟರು. ಬೆಣ್ಣೆ ವಿಷಯದಲ್ಲಿ ನಾವು ದಾವಣಗೆರೆಯವರು ಸುಲಭಕ್ಕೆ ಒಪ್ಪೋರಲ್ಲ, ಆದರೂ ಮಗಳು ಎರಡನೇ ತಟ್ಟೆ ಕೇಳಿದಳು. ಬ್ಯಾಗ್ ರೂಮಿನಲ್ಲೇ ಬಿಟ್ಟು, ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಹೋಗಿ ಗೊಂಬೆ ಅಂಗಡಿ ಸುತ್ತಿ, ಸಂಜೆ ಆರಕ್ಕೆ ವಾಪಸ್ ಬಂದು ಮುಖ ತೊಳೆದು, ಏಳಕ್ಕೆ ಐದು ನಿಮಿಷ ಇರುವಾಗ ಬೀಗದ ಕೈ ಕೊಟ್ಟೆವು. ಚನ್ನಪಟ್ಟಣದಲ್ಲಿ ಏನೇನು ಕೊಂಡೆವು, ಅತ್ತೆ ಯಾವುದನ್ನು ಅರ್ಧ ರೇಟಿಗೆ ಇಳಿಸಿದರು ಅನ್ನೋದು ಮುಂದಿನ ವಿಡಿಯೋದಲ್ಲಿ ಹಾಕುತ್ತೇನೆ.