ಮಕ್ಕಳ ಹಕ್ಕು: ಪಾಠ ಮೊದಲು ದೊಡ್ಡವರಿಗೆ

ಕೇಳುಗರಿಗೆ ನಮಸ್ಕಾರ.

ವಿಶ್ವಸಂಸ್ಥೆಯ ಮಹಾಸಭೆ 1989ರ ನವೆಂಬರ್ 20ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 54 ವಿಧಿಗಳಿವೆ. ಮಗುವನ್ನು ದೈಹಿಕ ಮತ್ತು ಮಾನಸಿಕ ಹಿಂಸೆಯಿಂದ ಕಾಪಾಡಬೇಕೆನ್ನುವ 19ನೆಯ ವಿಧಿಯೂ ಲೈಂಗಿಕ ಶೋಷಣೆಯಿಂದ ಕಾಪಾಡಬೇಕೆನ್ನುವ 34ನೆಯ ವಿಧಿಯೂ ಸಭೆಗಳಲ್ಲಿ ಆಗಾಗ ಕೇಳಿಬರುತ್ತವೆ. 42ನೆಯ ವಿಧಿಯ ಪ್ರಸ್ತಾಪ ಮಾತ್ರ ಕಡಿಮೆ. ಈ ಹಕ್ಕುಗಳನ್ನು ಮಕ್ಕಳಿಗೂ ದೊಡ್ಡವರಿಗೂ ಸಮಾನವಾಗಿ, ವ್ಯಾಪಕವಾಗಿ ತಿಳಿಸಿಕೊಡುವುದು ಸರ್ಕಾರಗಳ ಹೊಣೆ ಎಂದು ಅದು ಹೇಳುತ್ತದೆ. ಆದರೆ ನಾವು ಮಕ್ಕಳಿಗೆ ಒಂದು ದಿನದ ಕಾರ್ಯಕ್ರಮ ಏರ್ಪಡಿಸಿ, ಗೋಡೆಗೆ ಒಂದು ಭಿತ್ತಿಚಿತ್ರ ಅಂಟಿಸಿ, ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ.

ಮಕ್ಕಳಿಗೆ ಕಲಿಸುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಲೈಂಗಿಕ ದೌರ್ಜನ್ಯ ತಡೆಯಲೆಂದು ಶಾಲೆಗಳಲ್ಲಿ ನಡೆಯುವ ಶಿಕ್ಷಣದ ಬಗೆಗಿನ 24 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ, ಆರೋಗ್ಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಈ ಪಾಠಗಳಿಂದ ಮಕ್ಕಳ ತಿಳಿವಳಿಕೆಯೂ ತಮ್ಮನ್ನು ಕಾಪಾಡಿಕೊಳ್ಳುವ ಕೌಶಲವೂ ಹೆಚ್ಚುತ್ತವೆ; ಮಕ್ಕಳು ಹೆದರಿಕೊಳ್ಳುತ್ತಾರೆಂಬ ಪೋಷಕರ ಆತಂಕಕ್ಕೆ ಆಧಾರ ಸಿಗಲಿಲ್ಲ. ಆದರೆ ಇದರಿಂದ ದೌರ್ಜನ್ಯವೇ ಕಡಿಮೆಯಾಗುತ್ತದೆಂದು ಹೇಳಲು ಬೇಕಾದ ಪುರಾವೆ ಆ ಅಧ್ಯಯನಗಳಲ್ಲಿ ಇರಲಿಲ್ಲ. ಇದರಲ್ಲಿ ಆಶ್ಚರ್ಯವೇನು? ಎಂಟು ವರ್ಷದ ಮಗು ತನಗಿಂತ ಬಲಶಾಲಿಯಾದ, ತಾನು ನಂಬಿದ ವ್ಯಕ್ತಿಯನ್ನು ಒಂದು ಪಾಠದ ಬಲದಿಂದ ತಡೆಯಬೇಕೆಂದು ನಿರೀಕ್ಷಿಸುವುದೇ ಅನ್ಯಾಯ.

ಅಪರಿಚಿತರ ಬಗ್ಗೆ ಎಚ್ಚರಿಸಿದರೆ ಸಾಕೆಂಬ ನಂಬಿಕೆ ಇನ್ನೂ ಹೋಗಿಲ್ಲ. ಲೈಂಗಿಕ ದೌರ್ಜನ್ಯ ಎಸಗುವವರಲ್ಲಿ ಹೆಚ್ಚಿನವರು ಮಗುವಿಗೆ ಪರಿಚಿತರೇ: ಬಂಧುಗಳು, ನೆರೆಯವರು, ಮನೆಗೆ ಬಂದು ಹೋಗುವವರು, ಕೆಲವೊಮ್ಮೆ ಕಲಿಸುವವರು. ಅವರು ಮೊದಲು ಗೆಲ್ಲುವುದು ವಿಶ್ವಾಸವನ್ನು, ಅದೂ ಹಲವು ಸಲ ಮಗುವಿನದಕ್ಕಿಂತ ಮುಂಚೆ ಹೆತ್ತವರದನ್ನು. ಆಮೇಲೆ ಉಡುಗೊರೆ, ವಿಶೇಷ ಅಕ್ಕರೆ, ಕೊನೆಗೆ ಯಾರಿಗೂ ಹೇಳಬಾರದ ಗುಟ್ಟು. ಆದ್ದರಿಂದ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂದಷ್ಟೇ ಹೇಳಿ ನಿಲ್ಲಿಸಿದರೆ, ಪ್ರೀತಿಯ ಸೋಗಿನಲ್ಲಿ ಬಂದದ್ದನ್ನು ಎಲ್ಲಿ ಸೇರಿಸಬೇಕೆಂದು ಮಗುವಿಗೆ ತಿಳಿಯುವುದಿಲ್ಲ. ಖಾಸಗಿ ಅಂಗಗಳಿಗೆ ಅವುಗಳ ಸರಿಯಾದ ಹೆಸರನ್ನೇ ಕಲಿಸುವುದು, ಮುಚ್ಚಿಡು ಎಂದು ಯಾರೇ ಹೇಳಿದರೂ ಸ್ಪರ್ಶದ ವಿಷಯವನ್ನು ಮುಚ್ಚಿಡಬೇಕಾಗಿಲ್ಲವೆಂದು ತಿಳಿಸುವುದು, ಮೊದಲು ಕೇಳಿಸಿಕೊಂಡವರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳು ಎನ್ನುವುದು, ಏನೇ ನಡೆದಿದ್ದರೂ ತಪ್ಪು ನಿನ್ನದಲ್ಲವೆಂದು ಮತ್ತೆ ಮತ್ತೆ ಮನದಟ್ಟು ಮಾಡುವುದು ಹೆಚ್ಚು ಉಪಯುಕ್ತ. ಈ ಮಾತು ಗಂಡುಮಕ್ಕಳಿಗೂ ಅಂಗವೈಕಲ್ಯವಿರುವ ಮಕ್ಕಳಿಗೂ ಅಷ್ಟೇ ಅಗತ್ಯ. ಪಾಠದಿಂದ ಹೊರಗುಳಿಯುವವರು ಹೆಚ್ಚಾಗಿ ಅವರೇ.

ಇಷ್ಟನ್ನು ಕಲಿತ ಮಗು ಒಂದು ದಿನ ಶಿಕ್ಷಕಿಯ ಬಳಿ ಬಂದು ಅರ್ಧ ಮಾತು ಆಡಿ ನಿಲ್ಲಿಸುತ್ತದೆ ಎಂದುಕೊಳ್ಳಿ. ಆಗ ಶಿಕ್ಷಕಿ ಬೆಚ್ಚಿಬಿದ್ದು ಗದರಿದರೆ, ಅಥವಾ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಉಳಿದರ್ಧ ಮಾತು ಬಹುಶಃ ಹೊರಬರುವುದೇ ಇಲ್ಲ. ಶಾಂತವಾಗಿ ಕೇಳಬೇಕು, ಉತ್ತರವನ್ನು ತಾನೇ ಸೂಚಿಸುವಂಥ ಪ್ರಶ್ನೆ ಹಾಕಬಾರದು, ಯಾರಿಗೂ ಹೇಳುವುದಿಲ್ಲವೆಂಬ ಭಾಷೆ ಕೊಡಬಾರದು. ಏಕೆಂದರೆ ರಕ್ಷಣೆಯ ಹೊಣೆ ಹೊತ್ತವರಿಗೆ ವಿಷಯ ತಿಳಿಸಲೇಬೇಕಾಗುತ್ತದೆ. ಮಗು ಆಡಿದ ಮಾತನ್ನು ಅದರದೇ ಪದಗಳಲ್ಲಿ, ದಿನಾಂಕದೊಂದಿಗೆ ಬರೆದಿಡಬೇಕು. ಮುಖ್ಯೋಪಾಧ್ಯಾಯರ ಮುಂದೊಮ್ಮೆ, ಆಡಳಿತ ಮಂಡಳಿಯ ಮುಂದೆ ಮತ್ತೊಮ್ಮೆ ಅದನ್ನು ಹೇಳಿಸುವುದು ಗಾಯವನ್ನು ಮತ್ತೆ ಕೆದಕಿದಂತೆ. ಆರೋಪಿಯನ್ನು ಕರೆಸಿ ತಾವೇ ವಿಚಾರಣೆ ನಡೆಸುವ ಉತ್ಸಾಹವೂ ಬೇಡ. ಅದರಿಂದ ಸಾಕ್ಷ್ಯ ಕೆಡುತ್ತದೆ, ಮಗುವಿನ ಮೇಲೆ ಒತ್ತಡ ಬೀಳುತ್ತದೆ. ಇದೆಲ್ಲ ತರಬೇತಿಯಿಂದ ಬರುವ ವಿದ್ಯೆ, ಒಳ್ಳೆಯ ಮನಸ್ಸೊಂದರಿಂದಲೇ ಬರುವುದಿಲ್ಲ.

ಬೆತ್ತ ಹಿಡಿದು ಹಕ್ಕುಗಳ ಪಾಠ ಹೇಳುವ ತರಗತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶಾಲೆಯ ಶಿಸ್ತು ಮಗುವಿನ ಘನತೆಗೆ ಹೊಂದುವಂತಿರಬೇಕು ಎಂದು 28ನೆಯ ವಿಧಿಯೇ ಹೇಳುತ್ತದೆ. ಮನೆಯಲ್ಲೂ ಮಕ್ಕಳನ್ನು ಹೊಡೆಯುವುದನ್ನು ಸ್ವೀಡನ್ ದೇಶವು ಒಡಂಬಡಿಕೆಗೂ ಹತ್ತು ವರ್ಷ ಮುಂಚೆ, 1979ರಲ್ಲೇ, ನಿಷೇಧಿಸಿತು. ದೊಡ್ಡವರು ತನ್ನ ಮೈಮೇಲೆ ಕೈಮಾಡುವುದು ಸಹಜವೆಂದು ದಿನವೂ ಕಲಿಯುವ ಮಗು, ಇನ್ನೊಬ್ಬರ ಕೈಯನ್ನು ಬೇಡವೆಂದು ತಡೆಯುವ ಧೈರ್ಯವನ್ನು ಎಲ್ಲಿಂದ ತರಬೇಕು?

ಸಮುದಾಯದ ಪಾಲು ಇದಕ್ಕಿಂತ ಕಷ್ಟದ್ದು. ವಿಷಯ ಹೊರಬಿದ್ದ ಕೂಡಲೇ ಮಾನಮರ್ಯಾದೆಯ ಮಾತು ಮೇಲೇಳುತ್ತದೆ, ರಾಜಿ ಮಾಡಿಸುವ ಹಿರಿಯರು ಮುಂದೆ ಬರುತ್ತಾರೆ, ಕೊನೆಗೆ ಶಾಲೆ ಬಿಡುವುದು ದೌರ್ಜನ್ಯಕ್ಕೊಳಗಾದ ಮಗುವೇ. ಪೋಷಕರ ಸಭೆಗಳಲ್ಲಿ, ಮಹಿಳಾ ಸಂಘಗಳಲ್ಲಿ, ಪ್ರಾರ್ಥನಾ ಮಂದಿರಗಳಲ್ಲಿ, ಆಟದ ತರಬೇತಿ ಕೇಂದ್ರಗಳಲ್ಲಿ ಘಟನೆ ನಡೆಯುವ ಮುಂಚೆಯೇ ಕೆಲವು ವಿಷಯಗಳು ನಿರ್ಧಾರವಾಗಿರಬೇಕು: ದೂರನ್ನು ಯಾರು ಸ್ವೀಕರಿಸುತ್ತಾರೆ, ದೂರು ಅವರ ಮೇಲೆಯೇ ಬಂದರೆ ಮಗು ಯಾರ ಬಳಿ ಹೋಗಬೇಕು, ಮಗುವಿನ ಹೆಸರು ಬಾಯಿಂದ ಬಾಯಿಗೆ ಹರಡದಂತೆ ತಡೆಯುವವರು ಯಾರು, ಮರುದಿನ ಅದು ತರಗತಿಗೆ ಬಂದಾಗ ಪಕ್ಕದಲ್ಲಿ ಯಾರಿರುತ್ತಾರೆ. ಎಷ್ಟೋ ಕಡೆ ದೂರು ಪೆಟ್ಟಿಗೆಯನ್ನು ತೂಗುಹಾಕಿ, ಅದರ ಬೀಗದ ಕೈಯನ್ನು ಒಬ್ಬರೇ ಅಧಿಕಾರಿಯ ಬಳಿ ಇಡುತ್ತಾರೆ. ಅದನ್ನು ಹೊರಗಿನ ಒಬ್ಬ ಸದಸ್ಯರ ಎದುರಿನಲ್ಲಿ, ಪ್ರತಿ ವಾರ, ಗೊತ್ತಾದ ದಿನದಂದು ತೆರೆಯುವ ನಿಯಮವನ್ನು ಮುಂದಿನ ಪೋಷಕರ ಸಭೆಯಲ್ಲೇ ಕೇಳಿ ಪಡೆಯಬಹುದು. ಅದಕ್ಕೆ ಹಣ ಬೇಕಾಗಿಲ್ಲ, ಯಾವ ಮೇಲಧಿಕಾರಿಯ ಆದೇಶಕ್ಕೂ ಕಾಯಬೇಕಾಗಿಲ್ಲ.